ಬೈಬಲಿನ ಹೆಸರುಗಳೂ ನಮ್ಮ ದಾಖಲಾತಿ ಪುಸ್ತಕವೂ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ. ಎಂಟನೆಯ ತರಗತಿಗೆ ಸೇರಬೇಕೆಂದು ಒಬ್ಬ ಹುಡುಗನು ತನ್ನ ಅಜ್ಜಿಯೊಡನೆ ನಮ್ಮ ಕೊಠಡಿಗೆ ಬಂದನು. ಅವನ ವರ್ಗಾವಣೆ ಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಹೆಸರನ್ನು ನಾವು 'ಪತಿರಪ್ಪ' ಎಂದು ಓದಿಕೊಂಡೆವು. ತಮಿಳಿನಲ್ಲಿ 'ಪತ್ತಿರಪ್ಪ' ಎಂದಿತ್ತು. ಇದು ಪೇತ್ರ ಎಂಬ ಕ್ರೈಸ್ತ ಹೆಸರಿಗೆ 'ಅಪ್ಪ' ಸೇರಿ ಆದದ್ದಿರಬೇಕೆಂದು ನಮ್ಮಷ್ಟಕ್ಕೆ ನಾವೇ ತೀರ್ಮಾನಿಸಿ, "ಯಾವ ಇಗರ್ಜಿಗೆ ಹೋಗ್ತೀರಮ್ಮಾ?" ಎಂದು ಅಜ್ಜಿಯನ್ನು ಕೇಳಿದೆವು.

ಅಜ್ಜಿ ನಮ್ಮನ್ನು ಒಂದು ನಿಮಿಷ ದಿಟ್ಟಿಸಿ, "ಇಗರ್ಜಿ ಯಾಕೆ ವಾದ್ಯಾರೇ? ವೀರಭದ್ರ ನಮ್ಮ ಮನೆದೇವ್ರು. ಇವನಿಗೆ ಇಟ್ಟಿರೋದು ಇವನ ತಾತನ ಹೆಸರು. ನಾನು ಹೇಳೋ ಹಾಗಿಲ್ಲ. ಹುಡುಗನ್ನೇ ಕೇಳಿ" ಎಂದರು. ಹುಡುಗನು ತಲೆ ತಗ್ಗಿಸಿಕೊಂಡೇ "ಭದ್ರಪ್ಪ ಸಾರ್" ಎಂದನು.

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಹಿಂದಿನವರ ನಿಯಮಕ್ಕೆ ಕಟ್ಟುಬಿದ್ದು ಅಜ್ಜಿ ಆ ಹೆಸರನ್ನು ಎಲ್ಲಿಯೂ ಉಚ್ಚರಿಸಿರಲಿಲ್ಲ. ಹುಡುಗನನ್ನು ಯಾರೂ ಕೇಳಿರಲಿಲ್ಲ. ಭದ್ರಪ್ಪನು ತಮಿಳು ಬರಹದಲ್ಲಿ ಪತ್ತಿರಪ್ಪನಾಗಿ, ಇಂಗ್ಲಿಷಿನಲ್ಲಿ ಪತಿರಪ್ಪನಾಗಿ, ಕನ್ನಡ ಬಲ್ಲ ನಮ್ಮ ಕೈಗೆ ಬಂದಾಗ ಪೇತ್ರನೇ ಆಗಿಬಿಡುವುದರಲ್ಲಿದ್ದನು. ಅಂದಿನ ನಾಚಿಕೆಯೇ ಈ ಲೇಖನಕ್ಕೆ ಮೂಲ. ತಪ್ಪಾಗಿ ನೆನಪಿಗೆ ಬಂದ ಆ ಪೇತ್ರನ ಹೆಸರನ್ನೇ ಹಿಡಿದು ಹೊರಟ ನಾವು, ಹೆಸರೊಂದು ಭಾಷೆಯಿಂದ ಭಾಷೆಗೆ ದಾಟುವಾಗ ಏನಾಗುತ್ತದೆಂಬುದಕ್ಕೆ ಬೈಬಲಿಗಿಂತ ದೊಡ್ಡ ನಿದರ್ಶನವಿಲ್ಲವೆಂಬುದನ್ನು ಕಂಡುಕೊಂಡೆವು.

ಹೆಸರುಗಳು ನಡೆದುಬಂದ ದಾರಿ

ಬೈಬಲಿನ ಹಳೆಯ ಒಡಂಬಡಿಕೆಯ ಬಹುಭಾಗವು ಹೀಬ್ರೂ ಭಾಷೆಯದು. ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯದು. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಮೊದಲಾಗಿ ಯೆಹೂದ್ಯ ವಿದ್ವಾಂಸರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಿರುಗಿಸಿದರು. ಕ್ರಿ.ಶ. 400ರ ಸುಮಾರಿಗೆ ಜೆರೋಮ್ ಎಂಬ ಪಂಡಿತನು ಲ್ಯಾಟಿನ್ ಬೈಬಲನ್ನು ಸಿದ್ಧಗೊಳಿಸಿದನು. ಮುಂದೆ ಸಾವಿರ ವರ್ಷಗಳ ಕಾಲ ಪಶ್ಚಿಮ ಯೂರೋಪಿಗೆ ಅದೇ ಪ್ರಮಾಣ. ವಿಕ್ಲಿಫನ ಬಳಗದವರು 1380ರ ದಶಕದಲ್ಲಿ ಮಾಡಿದ ಇಂಗ್ಲಿಷ್ ಅನುವಾದವು ಆ ಲ್ಯಾಟಿನ್ನಿನಿಂದಲೇ ಆಯಿತು. ಟಿಂಡೇಲನು 1526ರಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದಲೇ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದನು. ಹತ್ತು ವರ್ಷಗಳ ತರುವಾಯ ಪ್ರಾಣವನ್ನೂ ತೆತ್ತನು. 1611ರಲ್ಲಿ ದೊರೆ ಜೇಮ್ಸನ ಆಶ್ರಯದಲ್ಲಿ ಪ್ರಸಿದ್ಧ ಇಂಗ್ಲಿಷ್ ಬೈಬಲು ಹೊರಬಂದಿತು. ಆ ವೇಳೆಗೆ ಹೆಸರುಗಳು ಗ್ರೀಕ್, ಲ್ಯಾಟಿನ್, ಫ್ರೆಂಚ್ ನಾಲಗೆಗಳಲ್ಲಿ ಹಾದು ಸವೆದು ಜನರ ಮನೆಮಾತಾಗಿ ಹೋಗಿದ್ದವು. ವಿದ್ವಾಂಸರು ಮೂಲ ಗ್ರಂಥಕ್ಕೆ ಹೋದರೂ ಪರಿಚಿತವಾದ ಹೆಸರುಗಳನ್ನು ಬಿಡುವಂತಿರಲಿಲ್ಲ.

ಯೋಹಾನನ ಹೆಸರನ್ನೇ ನೋಡೋಣ. ಹೀಬ್ರೂವಿನಲ್ಲಿ ಇದು 'ಯೋಹಾನಾನ್'. ದೇವರು ಕೃಪೆದೋರಿದನು ಎಂದು ಅರ್ಥ. ಗ್ರೀಕರಿಗೆ ಪದದ ನಡುವೆ ಹಕಾರವನ್ನು ಬರೆಯುವ ಅಕ್ಷರವಿರಲಿಲ್ಲ. ಗಂಡಸಿನ ಹೆಸರು ಸಕಾರದಲ್ಲಿ ಮುಗಿದರೆ ಅವರ ವ್ಯಾಕರಣಕ್ಕೆ ಹಿತ. ಆದಕಾರಣ ಅದು 'ಇಯೊಅನ್ನೆಸ್' ಆಯಿತು. ಲ್ಯಾಟಿನ್ನಿನಲ್ಲಿ 'ಯೊಹಾನ್ನೆಸ್' ಎಂದು ಬರೆದರು. ಫ್ರೆಂಚರು ತುದಿಯನ್ನೂ ನಡುವನ್ನೂ ಕತ್ತರಿಸಿ ಮೊದಲಿಗೆ ಜಕಾರವನ್ನು ತಂದರು. ಅಲ್ಲಿಂದ ಇಂಗ್ಲಿಷಿಗೆ ಬಂದು 'ಜಾನ್' ಎಂದಾಯಿತು. ನಾಲ್ಕಕ್ಷರದ ಆ ಇಂಗ್ಲಿಷ್ ಬರಹದಲ್ಲಿ ಉಚ್ಚಾರವಿಲ್ಲದ ಒಂದು ಹಕಾರವು ಇಂದಿಗೂ ಉಳಿದಿದೆ, ಕೆರೆ ಬತ್ತಿದ ಮೇಲೆ ತೂಬು ಉಳಿದ ಹಾಗೆ.

ಜಕಾರದ ವಿಷಯವನ್ನು ಮಕ್ಕಳಿಗೂ ಹೇಳಬಹುದು. ಲ್ಯಾಟಿನ್ನಿನಲ್ಲಿ ಸ್ವರವಾದ ಇಕಾರಕ್ಕೂ ವ್ಯಂಜನವಾದ ಯಕಾರಕ್ಕೂ ಒಂದೇ ಅಕ್ಷರ. 1611ರ ಬೈಬಲಿನಲ್ಲಿಯೂ ಯೇಸುವಿನ ಹೆಸರು, ಯೋಹಾನನ ಹೆಸರು ಆ ಹಳೆಯ 'ಐ' ಅಕ್ಷರದಿಂದಲೇ ಅಚ್ಚಾಗಿವೆ. 'ಜೆ' ಎಂಬುದನ್ನು ಬೇರೆ ಅಕ್ಷರವೆಂದು ಎಣಿಸುವ ಪದ್ಧತಿಯು 17ನೆಯ ಶತಮಾನದಲ್ಲಿ ನೆಲೆನಿಂತಿತು. ಜರ್ಮನರು ಆ ಅಕ್ಷರವನ್ನು ಈಗಲೂ ಯಕಾರವಾಗಿಯೇ ಓದುತ್ತಾರೆ; ಇಂಗ್ಲಿಷರು ಜಕಾರವಾಗಿ ಓದುತ್ತಾರೆ. ಯೆರೂಸಲೇಮು ಜೆರೂಸಲೆಮ್ ಆದದ್ದೂ, ಯೋಸೇಫನು ಜೋಸೆಫ್ ಆದದ್ದೂ ಹೀಗೆ.

ಒಬ್ಬನಿಗೆ ಎರಡು ಹೆಸರು, ಇಬ್ಬರಿಗೆ ಒಂದು ಹೆಸರು

ಹೆಸರು ರೂಪಗೆಟ್ಟರೆ ಕಿವಿಗೆ ಮಾತ್ರ ತೊಂದರೆಯೆಂದು ಭಾವಿಸಬಾರದು, ಅರ್ಥಕ್ಕೂ ತೊಂದರೆಯಾಗುತ್ತದೆ. ಹೀಬ್ರೂವಿನ 'ಯಾಕೋವ್' ಎಂಬ ಹೆಸರು ಹಳೆಯ ಒಡಂಬಡಿಕೆಯಲ್ಲಿ ಇಂಗ್ಲಿಷಿಗೆ 'ಜೇಕಬ್' ಎಂದು ಬಂದಿತು. ಅದೇ ಹೆಸರು ಹೊಸ ಒಡಂಬಡಿಕೆಯ ಶಿಷ್ಯನಿಗೆ ಇದ್ದಾಗ, ಲ್ಯಾಟಿನ್ನಿನ 'ಯಾಕೋಬುಸ್' ಜನರ ಬಾಯಲ್ಲಿ 'ಯಾಕೋಮುಸ್' ಆಗಿ, ಫ್ರೆಂಚಿನ ಮೂಲಕ 'ಜೇಮ್ಸ್' ಎಂದು ಇಂಗ್ಲಿಷನ್ನು ಸೇರಿತು. ಶಿಷ್ಯನಿಗೆ ಮೂಲಪುರುಷನ ಹೆಸರನ್ನೇ ಇಟ್ಟಿದ್ದಾರೆಂಬ ಸಂಗತಿಯು ಇಂಗ್ಲಿಷ್ ಮಾತ್ರ ಓದುವವನಿಗೆ ತಾನಾಗಿ ಹೊಳೆಯುವುದಿಲ್ಲ. ದೊರೆ ಜೇಮ್ಸನ ಕಾಲವನ್ನು ಇಂಗ್ಲಿಷ್ ಚರಿತ್ರಕಾರರು 'ಜಾಕೋಬಿಯನ್' ಎಂದು ಕರೆಯುವುದೇಕೆಂದು ನಮ್ಮ ವಿದ್ಯಾರ್ಥಿದೆಸೆಯಲ್ಲಿ ನಮಗೂ ತಿಳಿದಿರಲಿಲ್ಲ.

ಇದಕ್ಕಿಂತ ವಿಚಿತ್ರವಾದುದು ಯೆಹೋಶುವನ ಹೆಸರು. ಮೋಶೆಯ ತರುವಾಯ ಇಸ್ರಾಯೇಲರನ್ನು ನಡೆಸಿದ ನಾಯಕನು ಈತ. ಇದರ ಸಂಕ್ಷೇಪವಾದ 'ಯೇಶುವ' ಎಂಬುದೇ ಯೇಸುವಿನ ಹೆಸರು. ಗ್ರೀಕಿನಲ್ಲಿ ಶಕಾರವಿಲ್ಲ, ಎರಡೂ 'ಇಯೇಸೂಸ್' ಎಂದೇ ಆದವು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 7ನೆಯ ಅಧ್ಯಾಯದ 45ನೆಯ ವಚನದಲ್ಲಿಯೂ, ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 8ನೆಯ ವಚನದಲ್ಲಿಯೂ ಪ್ರಸ್ತಾಪವಿರುವುದು ಪೂರ್ವಕಾಲದ ಯೆಹೋಶುವನದು. ಆದರೆ ಅಚ್ಚಾಗಿರುವ ಹೆಸರು ಯೇಸುವಿನದು! ಓದುಗನು ದಿಕ್ಕೆಡುವುದು ಸಹಜವೇ. 1881ರ ಪರಿಷ್ಕೃತ ಇಂಗ್ಲಿಷ್ ಅನುವಾದವು ಇವನ್ನು 'ಜೋಶುವ' ಎಂದು ತಿದ್ದಿತು. ಅಂದರೆ ಒಂದು ಹೆಸರನ್ನು ಸರಿಪಡಿಸುವುದಕ್ಕೆ 270 ವರ್ಷಗಳು ಹಿಡಿದವು.

ಪ್ರವಾದಿಗಳ ಪಾಡೂ ಅದೇ. ಆ 1611ರ ಗ್ರಂಥದಲ್ಲಿ ಹಳೆಯ ಒಡಂಬಡಿಕೆಯ ಹೆಸರುಗಳು ಹೀಬ್ರೂವಿಗೆ ಸಮೀಪವಾಗಿವೆ, ಹೊಸ ಒಡಂಬಡಿಕೆಯವು ಗ್ರೀಕಿಗೆ ಸಮೀಪವಾಗಿವೆ. ಆದ್ದರಿಂದ ಒಬ್ಬನೇ ಪ್ರವಾದಿಯು ಮೊದಲ ಭಾಗದಲ್ಲಿ 'ಐಸಾಯ', ಎರಡನೆಯ ಭಾಗದಲ್ಲಿ 'ಇಸಾಯಸ್'. ಒಬ್ಬನೇ 'ಎಲೈಜ' ಮುಂದೆ ಹೋಗಿ 'ಎಲಾಯಸ್'. ಇದಕ್ಕೆ ವಿರುದ್ಧವಾಗಿ, 'ಯೂದ' ಎಂಬ ಹೆಸರನ್ನು ಬೇಕೆಂದೇ ಒಡೆದದ್ದೂ ಉಂಟು. ಗುರುದ್ರೋಹ ಮಾಡಿದವನು ಇಂಗ್ಲಿಷಿನಲ್ಲಿ 'ಜೂಡಸ್'; ಪತ್ರಿಕೆ ಬರೆದ ಸಾಧುವು 'ಜೂಡ್'. ಕೆಟ್ಟವನ ಹೆಸರಿನ ನೆರಳು ಒಳ್ಳೆಯವನ ಮೇಲೆ ಬೀಳದಿರಲೆಂದು ಭಾಷೆಯು ಮಾಡಿಕೊಂಡ ಏರ್ಪಾಡು ಇದು.

ಕನ್ನಡದವರು ಮಾಡಿದ ಕೆಲಸ

ಈಗ ನಮ್ಮ ಭಾಷೆಗೆ ಬರೋಣ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲಿನ ಅನುವಾದವನ್ನು ಕೈಗೊಂಡನು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ತರುವಾಯ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ಪರಿಷ್ಕರಿಸುವ ಕೆಲಸದಲ್ಲಿ ದುಡಿದರು. ನಮ್ಮ ಜಿಲ್ಲೆಯ ಸೇಲಂ ಪಟ್ಟಣದಲ್ಲಿಯೂ 1827ರಲ್ಲಿ ಲಂಡನ್ ಮಿಶನ್ನಿನ ಕೇಂದ್ರವು ಆರಂಭವಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಗಮನಿಸತಕ್ಕ ಸಂಗತಿಯೆಂದರೆ, ಹ್ಯಾಂಡ್ಸನ ಸ್ವಂತ ಹೆಸರೇ ಜಾನ್. ಆದರೂ ಕನ್ನಡದ ಸುವಾರ್ತೆಯಲ್ಲಿರುವುದು ಜಾನನಲ್ಲ, ಯೋಹಾನ. ಜೇಮ್ಸನಲ್ಲ, ಯಾಕೋಬ, ಮೋಸಸನಲ್ಲ, ಮೋಶೆ, ಈವ್ ಅಲ್ಲ, ಹವ್ವ. ಕನ್ನಡ ಸತ್ಯವೇದದ ಹೆಸರುಗಳು ಇಂಗ್ಲಿಷ್ ನಾಲಗೆಯ ಸವೆತವನ್ನು ಹೊತ್ತು ಬರಲಿಲ್ಲ. ಹೀಬ್ರೂ, ಗ್ರೀಕ್ ಮೂಲಗಳ ಕಡೆಗೇ ಮುಖಮಾಡಿ ನಿಂತವು. ಪೂರ್ವಜನಾದ ಯಾಕೋಬನೂ ಶಿಷ್ಯನಾದ ಯಾಕೋಬನೂ ಕನ್ನಡದಲ್ಲಿ ಒಂದೇ ಹೆಸರಿನವರು; ದ್ರೋಹಿಯಾದ ಯೂದನೂ ಪತ್ರಿಕೆ ಬರೆದ ಯೂದನೂ ಹಾಗೆಯೇ. ಪ್ರವಾದಿ ಯೆಶಾಯನು ಎರಡು ಭಾಗಗಳಲ್ಲಿಯೂ ಯೆಶಾಯನೇ. ಇಂಗ್ಲಿಷ್ ಓದುಗನಿಗೆ ವಿದ್ವಾಂಸರ ನೆರವಿನಿಂದ ತಿಳಿಯುವ ಸಂಬಂಧವು ಕನ್ನಡದ ಸಾಮಾನ್ಯ ಓದುಗನಿಗೆ ಪುಟದ ಮೇಲೆಯೇ ಕಾಣುತ್ತದೆ.

ಹಾಗೆಂದು ಕನ್ನಡವು ಹೆಸರುಗಳನ್ನು ಮುಟ್ಟದೆ ಬಿಟ್ಟಿತೇ? ಇಲ್ಲ. ಗ್ರೀಕರಿಗೆ ಸಕಾರಾಂತವು ಹೇಗೋ ನಮಗೆ ಸ್ವರಾಂತವು ಹಾಗೆ. ದಾವೀದ್ ಎಂಬುದು 'ದಾವೀದ' ಆದರೆ ತಾನೇ ದಾವೀದನು, ದಾವೀದನಿಗೆ ಎಂದು ವಿಭಕ್ತಿ ಹತ್ತುವುದು? ಹೆಣ್ಣು ಹೆಸರುಗಳಿಗೆ ಳಕಾರವು ಸೇರಿ ಹವ್ವಳು, ಸಾರಳು, ರೂತಳು ಎಂದಾದರು. ಇದು ಹೊರಗಿನವರನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಕ್ರಮ. ಬಂದವರಿಗೆ ಕಾಲಿಗೆ ನೀರು ಕೊಟ್ಟ ಹಾಗೆ.

ತಮಿಳಿನ ಮಾದರಿಯನ್ನು ನಾವು ನಂಗವಳ್ಳಿಯವರು ದಿನವೂ ಕಾಣುತ್ತೇವೆ. ಜೀಗೆನ್‌ಬಾಲ್ಗನ ಹೊಸ ಒಡಂಬಡಿಕೆಯು ತರಂಗಂಬಾಡಿಯಲ್ಲಿ 1714-15ರಲ್ಲಿ ಅಚ್ಚಾಯಿತು. ಕನ್ನಡಕ್ಕಿಂತ ನೂರು ವರ್ಷ ಮುಂಚೆ. ತಮಿಳು ಬೈಬಲಿನಲ್ಲಿ ಯೋಹಾನನು 'ಯೋವಾನ್', ಪೇತ್ರನು 'ಪೇದುರು', ಹವ್ವಳು 'ಏವಾಳ್'. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ತಕಾರ ದಕಾರಗಳಿಗೆ ಒಂದು, ಪಕಾರ ಬಕಾರಗಳಿಗೆ ಒಂದು. ಪದದಲ್ಲಿ ಅಕ್ಷರವು ಕುಳಿತ ಸ್ಥಾನವನ್ನು ನೋಡಿ ತಮಿಳರು ಸರಿಯಾಗಿ ಓದಿಕೊಳ್ಳುತ್ತಾರೆ. ತಮಿಳು ಮಾತಿಗೆ ಅದು ಕೊರತೆಯಲ್ಲ. ಗ್ರೀಕಿನಲ್ಲಿ ಶಕಾರವಿಲ್ಲದ್ದು ಗ್ರೀಕರಿಗೆ ಕೊರತೆಯಾಗಿತ್ತೇ? ಹೊರಗಿನ ಹೆಸರು ಬಂದಾಗ ಮಾತ್ರ ಅದರ ಗುರುತು ಮಸುಕಾಗುತ್ತದೆ.

ಅರ್ಥವನ್ನೇ ಅನುವಾದಿಸಿದವರು

ಹೆಸರನ್ನು ದಾಟಿಸಲು ಇನ್ನೊಂದು ದಾರಿಯುಂಟು: ಧ್ವನಿಯನ್ನು ಬಿಟ್ಟು ಅರ್ಥವನ್ನು ತರುವುದು. ಬೈಬಲಿನಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಯೇಸುವು ಸೀಮೋನನಿಗೆ ಇಟ್ಟ ಹೆಸರು ಅರಮೇಯಿಕ್ ಭಾಷೆಯ 'ಕೇಫ', ಬಂಡೆ ಎಂದರ್ಥ. ಗ್ರೀಕರು ಬಂಡೆಗೆ ತಮ್ಮ ಮಾತನ್ನು ಹಾಕಿ 'ಪೇತ್ರೋಸ್' ಎಂದರು. ಇಂಗ್ಲಿಷಿನ ಪೀಟರ್, ಕನ್ನಡದ ಪೇತ್ರ ಎರಡೂ ಆ ಅನುವಾದದ ಮಕ್ಕಳು.

ತಮಿಳು ಸೀಮೆಯ ಕ್ಯಾಥೊಲಿಕರು ಈ ದಾರಿಯಲ್ಲಿ ಬಹುದೂರ ನಡೆದರು. ಯೋಹಾನನ ಹೆಸರಿನಲ್ಲಿರುವ ಕೃಪೆಯನ್ನು ಹಿಡಿದು 'ಅರುಳಪ್ಪರ್' ಎಂದರು. 'ಅರುಳ್' ಎಂದರೆ ಕೃಪೆ. ಪೌಲ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಸಣ್ಣವನೆಂದು ಅರ್ಥ. ಅವನು 'ಚಿನ್ನಪ್ಪರ್' ಆದನು. ವೀರಮಾಮುನಿವರ್ ಎಂದು ಪ್ರಸಿದ್ಧನಾದ ಇಟಲಿಯ ಬೆಸ್ಕಿ ಪಾದ್ರಿಯು 18ನೆಯ ಶತಮಾನದ ತನ್ನ 'ತೇಂಬಾವಣಿ' ಕಾವ್ಯದಲ್ಲಿ ಯೋಸೇಫನನ್ನು 'ವಳನ್' ಎಂದು ಕರೆದನು. ಹೀಬ್ರೂವಿನಲ್ಲಿ ಆ ಹೆಸರಿಗಿರುವ ವೃದ್ಧಿಯೆಂಬ ಅರ್ಥಕ್ಕೆ ಇದು ಒಪ್ಪುತ್ತದೆ. ಇದೇ ರೀತಿಯಲ್ಲಿ ಕನ್ನಡದವರು ಪೌಲನನ್ನು ಅನುವಾದಿಸಿದ್ದರೆ ಅವನು 'ಚಿಕ್ಕಪ್ಪ'ನಾಗಿ, ಇಗರ್ಜಿಯಲ್ಲಿ ಯಾರ ಚಿಕ್ಕಪ್ಪನೆಂದು ಮಕ್ಕಳು ಕೇಳುತ್ತಿದ್ದರು! ಹಾಗಾಗದೆ, ಚಿನ್ನಪ್ಪ, ಅರುಳಪ್ಪ ಎಂಬ ಹೆಸರುಗಳೇ ಕನ್ನಡ ಕ್ಯಾಥೊಲಿಕ್ ಮನೆಗಳಿಗೂ ಬಂದವು. ಅವುಗಳೊಡನೆ ಪೋರ್ಚುಗೀಸ್ ಉಚ್ಚಾರದಿಂದ ಇಳಿದ ಯಾಗಪ್ಪ, ಶವೇರಿಯಾರರ ಹೆಸರಿನಿಂದ ಆದ ಚೌರಪ್ಪ, ಇಗ್ನೇಷಿಯಸ್ಸನಿಂದ ಆದ ಇನ್ನಾಸಪ್ಪ ಇವರೂ ಸೇರಿದರು. 'ಅಪ್ಪ' ಸೇರಿದ ಮೇಲೆ ಇವರೆಲ್ಲ ನಮ್ಮ ಊರಿನವರೇ.

ಇವನ್ನು ಯಾರಾದರೂ ಕೆಟ್ಟ ರೂಪಗಳೆಂದು ಹಳಿದರೆ ನಾವು ಒಪ್ಪೆವು. ಚೌರಪ್ಪನ ತಾಯಿ ಮಗನನ್ನು ಊಟಕ್ಕೆ ಕರೆದದ್ದು ಚೌರಪ್ಪನೆಂದೇ. ಲಂಡನ್ನಿನ ತಾಯಿಯು ತನ್ನ ಮಗನನ್ನು ಜಾನ್ ಎಂದು ಕರೆಯುವಾಗ ಅವಳು ಹೀಬ್ರೂವಿಗೆ ಅಪಚಾರ ಮಾಡುವುದಿಲ್ಲ. ಜನರ ಬಾಯಲ್ಲಿ ಬಹುಕಾಲ ನೆಲೆಸಿ, ಪ್ರೀತಿಯಿಂದ ಕರೆಯಿಸಿಕೊಂಡು ಬದಲಾದ ಹೆಸರು ಹೊಸ ಹೆಸರೇ ಆಗುತ್ತದೆ. ಹೆಸರಿನವನನ್ನೂ ಕೇಳದೆ, ಮೂಲವನ್ನೂ ನೋಡದೆ, ನಡುವಣ ಭಾಷೆಯ ಬರಹವೊಂದನ್ನೇ ನಂಬಿ ಬದಲಿಸಿದ ಹೆಸರು ತಪ್ಪು ಹೆಸರು. ಈ ಎರಡರ ಅಂತರವನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಹೆಸರುಗಳು

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ ಮತ್ತು ಬಾರಾಮಹಲು ಸೀಮೆಗಳು ಮೈಸೂರಿನ ಕೈಬಿಟ್ಟು ಇಂಗ್ಲಿಷ್ ಕಂಪನಿಯ ವಶವಾದವು. ಆಳ್ವಿಕೆ ಹೋದರೂ ಕನ್ನಡ ಮನೆಗಳು ಹೋಗಲಿಲ್ಲ. ಇಂದಿಗೂ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಒಲೆಯ ಮುಂದೆ ಕನ್ನಡ, ಬೀದಿಯಲ್ಲಿ ತಮಿಳು, ಪ್ರಮಾಣಪತ್ರದಲ್ಲಿ ಇಂಗ್ಲಿಷು. ಅವರ ಹೆಸರು ಈ ಮೂರು ಬಾಗಿಲುಗಳನ್ನು ದಾಟಬೇಕು. ಗಂಗಪ್ಪನು ತಮಿಳು ಬರಹದಲ್ಲಿ ಕಕಾರದಿಂದ ತೊಡಗುತ್ತಾನೆ; ಗುಮಾಸ್ತನು ಅದನ್ನು ನೋಡಿ ಇಂಗ್ಲಿಷಿನಲ್ಲಿ 'ಕಂಗಪ್ಪ' ಎಂದು ಬರೆಯುತ್ತಾನೆ. ದೇವಣ್ಣನು 'ತೇವಣ್ಣ' ಆಗುತ್ತಾನೆ. ಅವನು ಮುಂದೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಅಲ್ಲಿನ ಕಚೇರಿಯವರು ಆ ಇಂಗ್ಲಿಷನ್ನು ಓದಿ ಕನ್ನಡದಲ್ಲಿ 'ತೇವಣ್ಣ' ಎಂದೇ ಬರೆದುಕೊಡುತ್ತಾರೆ. ಕನ್ನಡದಿಂದ ಹೊರಟ ಹೆಸರು ಕನ್ನಡಕ್ಕೇ ಮರಳಿದಾಗ ಅದನ್ನು ಗುರುತಿಸುವವರಿಲ್ಲ. ಇಲ್ಲಿ ಒಬ್ಬರೂ ದುರುದ್ದೇಶದವರಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಕಾಗದವನ್ನು ನಿಷ್ಠೆಯಿಂದ ನಕಲು ಮಾಡಿದವರೇ.

ಊರ ಹೆಸರುಗಳಿಗೂ ಈ ಗೊಂದಲ ತಪ್ಪಿಲ್ಲ. ತಮಿಳುನಾಡು ಸರ್ಕಾರವು 2020ರ ಜೂನ್ ತಿಂಗಳಲ್ಲಿ 1,018 ಸ್ಥಳಗಳ ಇಂಗ್ಲಿಷ್ ಬರಹವನ್ನು ತಮಿಳು ಉಚ್ಚಾರಕ್ಕೆ ಹೊಂದಿಸಿ ಆಜ್ಞೆ ಹೊರಡಿಸಿ, ಟೀಕೆಗಳು ಬಂದಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಉದ್ದೇಶವು ಒಳ್ಳೆಯದಾದರೂ ಹೆಸರನ್ನು ತಿದ್ದುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದು ಇದರಿಂದ ಗೊತ್ತಾಗುತ್ತದೆ.

ಮೆಟ್ಟೂರು ಅಣೆಕಟ್ಟು ನಮ್ಮ ನಂಗವಳ್ಳಿಗೆ ದೂರವೇನಲ್ಲ. 1934ರಲ್ಲಿ ಆ ಕಟ್ಟೆ ಮುಗಿದು ಕಾವೇರಿಯ ನೀರು ನಿಂತಾಗ ಹಲವು ಹಳ್ಳಿಗಳು ಮುಳುಗಿದವು. ಬೇಸಗೆಯಲ್ಲಿ ನೀರು ಬಹಳ ಇಳಿದರೆ ಪಣ್ಣವಾಡಿಯ ಬಳಿ ಹಳೆಯ ದೇವಾಲಯದ ನಂದಿಯೂ, ಹಳೆಯ ಇಗರ್ಜಿಯ ಗೋಪುರವೂ ಮೇಲೆ ಕಾಣುತ್ತವೆ. ನೀರು ತುಂಬಿದಾಗ ಅಲ್ಲೊಂದು ಊರಿತ್ತೆಂದು ಹೊಸಬರಿಗೆ ತಿಳಿಯುವುದಿಲ್ಲ. ಹೆಸರುಗಳೂ ಹಾಗೆಯೇ. ಜಾನ್ ಎಂಬುದರ ಅಡಿಯಲ್ಲಿ ಯೋಹಾನಾನ್ ಇದ್ದಾನೆ. ಪತಿರಪ್ಪನ ಅಡಿಯಲ್ಲಿ ವೀರಭದ್ರನಿದ್ದಾನೆ. ಒಂದು ವ್ಯತ್ಯಾಸ ಮಾತ್ರ: ಯೋಹಾನನಿಗೆ ಅವನ ಗ್ರಂಥವಿದೆ, ಹುಡುಕಿ ತೆಗೆಯುವ ಪಂಡಿತರಿದ್ದಾರೆ. ನಮ್ಮ ಭದ್ರಪ್ಪನಿಗೆ ಇರುವುದು ಶಾಲೆಯ ದಾಖಲಾತಿ ಪುಸ್ತಕವೊಂದೇ.

ಆದಕಾರಣ ಸಹೋದ್ಯೋಗಿ ಮಿತ್ರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗುವನ್ನು ಸೇರಿಸಿಕೊಳ್ಳುವಾಗ ಹಿಂದಿನ ಕಾಗದವನ್ನು ನೋಡುವುದಕ್ಕೆ ಮುಂಚೆ ಮಗುವಿನ ಬಾಯಿಂದಲೇ ಹೆಸರನ್ನು ಹೇಳಿಸಿ ಕೇಳಬೇಕು. ಮನೆಯಲ್ಲಿ ಕನ್ನಡವಿದ್ದರೆ ಒಮ್ಮೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ತಮಿಳು ಬರಹದಿಂದ ನಕಲು ಮಾಡದೆ ಕಿವಿಗೆ ಬಿದ್ದ ಹೆಸರಿನಿಂದ ಬರೆಯಬೇಕು. ಹತ್ತನೆಯ ತರಗತಿಯ ಪ್ರಮಾಣಪತ್ರವು ಕೈಗೆ ಬಂದಮೇಲೆ ಒಂದಕ್ಷರ ತಿದ್ದಿಸುವುದಕ್ಕೂ ಬಡ ನೇಕಾರನು ಮಗ್ಗ ನಿಲ್ಲಿಸಿ ಎಷ್ಟು ದಿನ ಅಲೆಯಬೇಕೆಂಬುದು ನಿಮಗೆಲ್ಲ ಗೊತ್ತೇ ಇದೆ.

ಭದ್ರಪ್ಪನ ತಂದೆಯಿಂದ ಅರ್ಜಿ ಬರೆಯಿಸಿ, ಹತ್ತನೆಯ ತರಗತಿಗೆ ಮುಂಚೆಯೇ ಹೆಸರನ್ನು ಸರಿಪಡಿಸಿದೆವು. ಅದಾದ ದಿನ ಅಜ್ಜಿ ಶಾಲೆಗೆ ಬಂದು, "ಈಗ ಸರಿಯಾಗಿ ಬರೆದಿದೀರಾ ವಾದ್ಯಾರೇ?" ಎಂದು ಕೇಳಿದರು. ಅವರಿಗೆ ಓದಲು ಬಾರದು. ನಾವು ಪುಸ್ತಕವನ್ನು ತೆರೆದು ಹೆಸರನ್ನು ಗಟ್ಟಿಯಾಗಿ ಓದಿದೆವು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಅದೇ, ಅದೇ" ಎಂದರು.